ಬಿಡಿಭಾಗದ ಡಬ್ಬಾನೇ ತಗೊಳ್ಳಿ

ರಿಮೋಟ್ ಗಾಡಿ ಕೊಳ್ಳೋದಾದರೆ ಜೋಡಿಸಿ ಕೊಟ್ಟದ್ದನ್ನು ಕೊಳ್ಳಬೇಡಿ. ಬಿಡಿಬಿಡಿಯಾಗಿ ಬರುವ ಕಿಟ್ ಕೊಳ್ಳಿ, ಊಟದ ಮೇಜಿನ ಮೇಲೆ ಹರಡಿಕೊಳ್ಳಿ, ನಿಮ್ಮ ಕೈಯಾರೆ ಕಟ್ಟಿ. ನಾನು ಹೇಳಬೇಕಾಗಿರೋದು ಇಷ್ಟೇ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಇದನ್ನು ಆಫೀಸ್ ಕ್ಯಾಂಟೀನಿನಲ್ಲಿ ಹೇಳಿದಾಗಲೆಲ್ಲ ನನಗೆ ಸಿಕ್ಕ ಉತ್ತರಗಳು ಗಾಡಿಯ ಬಗ್ಗೆ ಇರಲಿಲ್ಲ, ಕೈಕೆಲಸದ ಬಗ್ಗೆ ಇದ್ದವು. "ಅಷ್ಟು ಟೈಮ್ ಯಾರಿಗಿದೆ ಗುರು?" "ಅದನ್ನೂ ನಾವೇ ಮಾಡ್ಬೇಕಾ?" "ಸ್ಕ್ರೂ ತಿರುಗಿಸೋಕಾ ಇಂಜಿನಿಯರಿಂಗ್ ಓದಿದ್ದು?" ಈ ಮೂರನೇ ಪ್ರಶ್ನೆ ಕೇಳಿದವನು ಮೆಕ್ಯಾನಿಕಲ್ ಇಂಜಿನಿಯರು. ಹಾಗಾಗಿ ಸ್ವಲ್ಪ ಉದ್ದಕ್ಕೆ ಜಗಳ ಆಡೋಣ ಅಂತ ಕೂತಿದ್ದೀನಿ.

ಗಾಡಿ ಗೊತ್ತಿಲ್ಲದವರಿಗೆ ಎರಡು ಮಾತು. ರಾಕ್ ಕ್ರಾಲರ್ ಅಂದ್ರೆ ಬಂಡೆ ಹತ್ತೋ ಜೀಪು. ನಾನು ಹೇಳ್ತಿರೋದು ಅದರ ಹತ್ತನೇ ಒಂದು ಅಳತೆಯ ಮರಿ, ರಿಮೋಟಿನಲ್ಲಿ ಓಡುವಂಥದ್ದು. ಉದ್ದ ಹೆಚ್ಚುಕಮ್ಮಿ ಅರ್ಧ ಮೀಟರು, ತೂಕ ಎರಡು ಮೂರು ಕೆಜಿ. 'ಓಡುವ' ಅನ್ನೋದು ಕೂಡ ಅತಿಶಯೋಕ್ತಿ, ಇದು ನಡೆಯುತ್ತೆ. ರಿಮೋಟ್ ರೇಸ್ ಕಾರುಗಳು ಗಂಟೆಗೆ 60 ಕಿ.ಮೀ. ದಾಟುವಾಗ ಇದು ಸಂಜೆ ವಾಕಿಂಗ್ ಹೊರಟ ತಾತನ ವೇಗದಲ್ಲಿ ಹೋಗುತ್ತೆ. ಒಳಗಿನ ಮೋಟರು 30ರಿಂದ 50 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು ಸುತ್ತುತ್ತೆ. ವೇಗ ಕೊಟ್ಟು ಬಲ ತಗೊಳ್ಳೋ ವ್ಯಾಪಾರ. ತನ್ನ ಚಕ್ರಕ್ಕಿಂತ ಎತ್ತರದ ಕಲ್ಲಿನ ಮುಂದೆ ನಿಂತು, ಒಂದು ಚಕ್ರ ಇಟ್ಟು, ಮೈ ವಾಲಿಸಿ, ಇನ್ನೊಂದು ಚಕ್ರ ಇಟ್ಟು, ನಿಧಾನಕ್ಕೆ ಮೇಲೆ ಬರುತ್ತೆ. ಬೆಂಗಳೂರಿನವರು ಇದಕ್ಕಾಗಿ ಬೆಟ್ಟ ಹುಡುಕಿಕೊಂಡು ಹೋಗಬೇಕಾಗಿಲ್ಲ. ನಮ್ಮ ಬೀದಿಯ ಫುಟ್‌ಪಾತಿನಲ್ಲಿ ಎದ್ದ ಚಪ್ಪಡಿ, ಬಿದ್ದ ಗುಂಡಿ, ಸುರಿದ ಜಲ್ಲಿ ಎಲ್ಲ ಪುಕ್ಕಟೆ ಇದೆ. ಮನುಷ್ಯರು ನಡೆಯೋಕೆ ಆಗದ ಜಾಗ ಒಂದು ಉಪಯೋಗಕ್ಕಾದರೂ ಬರಲಿ.

ಈ ಆಟಕ್ಕೆ ಒಂದು ಚರಿತ್ರೆಯೂ ಇದೆ. ಜಪಾನಿನ ತಮಿಯಾ ಕಂಪನಿ 1987ರಲ್ಲಿ ಕ್ಲಾಡ್ ಬಸ್ಟರ್ ಅನ್ನೋ ದೊಡ್ಡ ಚಕ್ರದ ಗಾಡಿಯ ಕಿಟ್ ತಂದಿತು. ಎರಡು ಆಕ್ಸಲ್‌ಗೂ ಒಂದೊಂದು ಮೋಟರು, ನಾಲ್ಕೂ ಚಕ್ರ ತಿರುಗುತ್ತಿದ್ದವು. ಅಮೆರಿಕದ ಹವ್ಯಾಸಿಗಳು ಅದನ್ನು ಬಿಚ್ಚಿ, ಕೊಯ್ದು, ಬೇರೆ ಚಾಸಿ ಕೂರಿಸಿ ಬಂಡೆ ಹತ್ತಿಸಿದರು. ಕಂಪನಿಗಳು ಬಂಡೆಗಾಗಿಯೇ ಗಾಡಿ ಮಾಡಲು ಶುರು ಮಾಡಿದ್ದು ಆಮೇಲೆ. ಆಕ್ಸಿಯಲ್ ಕಂಪನಿಯ ಎಸ್‌ಸಿಎಕ್ಸ್10 ಬಂದದ್ದು 2009ರಲ್ಲಿ, ಟ್ರಾಕ್ಸಸ್‌ನ ಟಿಆರ್‌ಎಕ್ಸ್-4 ಬಂದದ್ದು 2017ರಲ್ಲಿ. ಅಂದರೆ ಈ ಹವ್ಯಾಸ ಹುಟ್ಟಿದ್ದೇ ಗ್ಯಾರೇಜಿನಲ್ಲಿ ಗರಗಸ ಹಿಡಿದ ಜನರಿಂದ. ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣೋದು 'ಆರ್‌ಟಿಆರ್', ಅಂದರೆ ರೆಡಿ ಟು ರನ್. ಡಬ್ಬ ಬಿಚ್ಚಿ, ಬ್ಯಾಟರಿ ಹಾಕಿ, ಓಡಿಸಿ. ಜೋಡಿಸುವವರಿಗೆ ಬೇರೆ ಡಬ್ಬ ಬರುತ್ತೆ: ಒಳಗೆ ನಂಬರ್ ಹಾಕಿದ ಪ್ಲಾಸ್ಟಿಕ್ ಚೀಲಗಳು, ನೂರಾರು ಸ್ಕ್ರೂ, ಗೇರು, ಬೇರಿಂಗು, ಒಂದು ದಪ್ಪ ಪುಸ್ತಕ. ಅಷ್ಟೇ.

ದುಡ್ಡಿನ ಮಾತು ಮೊದಲೇ ಆಡಿಬಿಡೋಣ, ಆಮೇಲೆ ಮೋಸ ಅನ್ನಬಾರದು. ಕಿಟ್ ತಗೊಂಡರೆ ದುಡ್ಡು ಉಳಿಯೋದಿಲ್ಲ. ಬಹಳಷ್ಟು ಕಿಟ್‌ಗಳಲ್ಲಿ ಮೋಟರು, ಸರ್ವೋ, ವೇಗ ನಿಯಂತ್ರಕ, ರಿಮೋಟು ಇರೋದೇ ಇಲ್ಲ, ಬೇರೆ ಕೊಳ್ಳಬೇಕು. ಬ್ಯಾಟರಿ, ಚಾರ್ಜರ್ ಮೇಲೆ. ಎಲ್ಲ ಸೇರಿ ಜೋಡಿಸಿದ ಗಾಡಿಯಷ್ಟೇ ಆಗುತ್ತೆ, ಎಷ್ಟೋ ಸಲ ಜಾಸ್ತಿ. ಒಂದು ಒಳ್ಳೆ ಫೋನಿನ ಬೆಲೆ ಅಂದುಕೊಳ್ಳಿ. "ಕೆಲಸವೂ ನಾನೇ ಮಾಡಿ, ದುಡ್ಡೂ ನಾನೇ ಜಾಸ್ತಿ ಕೊಡೋದಾ?" ಅಂತ ಕೇಳ್ತೀರಿ. ಹೌದು. ಫೋನಿಗೆ ಅಷ್ಟು ಕೊಟ್ಟಾಗ ಅದರ ಹಿಂಬದಿ ಬಿಚ್ಚುವ ಅಧಿಕಾರ ಕೂಡ ನಿಮಗೆ ಸಿಕ್ಕಿರಲಿಲ್ಲ. ಇಲ್ಲಿ ಗಾಡಿಯ ಜೊತೆ ಅದರ ಒಳಗಿನ ತಿಳಿವಳಿಕೆಯೂ ಬರುತ್ತೆ. ಅದನ್ನು ಬೇರೆ ಯಾರೂ ಮಾರೋದಿಲ್ಲ.

ಇನ್ನು ಟೈಮ್. ನನಗೆ ಹಿಡಿದದ್ದು ಆರು ರಾತ್ರಿ, ದಿನಕ್ಕೆ ಮೂರು ಗಂಟೆ, ಒಟ್ಟು 18 ಗಂಟೆ. ನನ್ನ ಟೀಮಿನವನೊಬ್ಬ ತಕ್ಷಣ ಲೆಕ್ಕ ಹಾಕಿದ. "ನಿನ್ನ ಗಂಟೆಗೆ ಸಾವಿರ ರೂಪಾಯಿ ಅಂದ್ಕೊಂಡ್ರೂ ಹದಿನೆಂಟು ಸಾವಿರ ಲಾಸು." ಈ ಲೆಕ್ಕ ನಮ್ಮ ತಲೆಮಾರಿನ ದೊಡ್ಡ ಸುಳ್ಳು. ಶನಿವಾರ ರಾತ್ರಿ 10 ಗಂಟೆಗೆ ನನಗೆ ಯಾರೂ ಸಾವಿರ ರೂಪಾಯಿ ಕೊಡ್ತಾ ಇಲ್ಲ. ಅದೇ ಮನುಷ್ಯ ಏನು ತಿನ್ನೋದು ಅಂತ ಆ್ಯಪ್‌ನಲ್ಲಿ ಮುಕ್ಕಾಲು ಗಂಟೆ ಬೆರಳು ಉಜ್ಜಿ, ಕೊನೆಗೆ ಹೋದ ವಾರ ತರಿಸಿದ್ದನ್ನೇ ತರಿಸ್ತಾನೆ. ಆ ಮುಕ್ಕಾಲು ಗಂಟೆಗೆ ರೇಟು ಹಾಕೋದಿಲ್ಲ. ಸೋಫಾದಲ್ಲಿ ಕಳೆದ ಹೊತ್ತು ಪುಕ್ಕಟೆ, ಕೈ ಕೊಳೆಯಾದ ಹೊತ್ತಿಗೆ ಮಾತ್ರ ಮೀಟರ್ ಓಡುತ್ತೆ. ಯಾಕೆ? ಪ್ರಶ್ನೆ ಹೊತ್ತಿನದ್ದಲ್ಲ ಅನ್ನೋದು ಅಲ್ಲೇ ಗೊತ್ತಾಗುತ್ತೆ.

ಈಗ ಆ ಆರು ರಾತ್ರಿಯಲ್ಲಿ ಏನಾಗುತ್ತೆ ಅಂತ ಹೇಳ್ತೀನಿ, ಯಾಕಂದರೆ ವಾದ ಇರೋದೇ ಅಲ್ಲಿ.

ಮೊದಲು ಬರೋದು ಆಕ್ಸಲ್. ನಮ್ಮ ಮೆಕ್ಯಾನಿಕ್‌ಗಳು ಹೇಳುವ ಕ್ರೌನ್ ಮತ್ತು ಪಿನಿಯನ್ ಇರೋ ಜಾಗ. ಇಂಜಿನಿಯರಿಂಗ್ ಓದಿದವರಿಗೆ ಡಿಫರೆನ್ಷಿಯಲ್ ನೆನಪಿರಬಹುದು. 'ವಿತ್ ಎ ನೀಟ್ ಸ್ಕೆಚ್' ಅಂತ ಪ್ರಶ್ನೆ, ಸ್ಕೇಲ್ ಹಿಡಿದು ಚಿತ್ರ, ಬಾಣದ ಗುರುತು, ಹತ್ತು ಮಾರ್ಕು. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಹೋಗಬೇಕು, ಒಳಗಿನದು ಕಡಿಮೆ. ಆ ವ್ಯತ್ಯಾಸಕ್ಕೆ ಅವಕಾಶ ಕೊಡೋದು ಡಿಫರೆನ್ಷಿಯಲ್. ಅಲ್ಲಿಗೆ ಉತ್ತರ ಮುಗೀತು. ಆದರೆ ಕ್ರಾಲರ್ ಕಿಟ್‌ನ ಆಕ್ಸಲ್ ಚೀಲ ಬಿಚ್ಚಿದರೆ ಎಷ್ಟೋ ಗಾಡಿಗಳಲ್ಲಿ ಆ ಸಣ್ಣ ಗೇರುಗಳೇ ಇರೋದಿಲ್ಲ. ಎರಡೂ ಚಕ್ರ ಒಂದೇ ಗಟ್ಟಿ ತುಂಡಿಗೆ ಸಿಕ್ಕಿಕೊಂಡಿರುತ್ತವೆ. ಯಾಕೆ ಅಂತ ಕೈಯಲ್ಲಿ ಹಿಡಿದು ಯೋಚನೆ ಮಾಡಿದಾಗ ಹೊಳೆಯುತ್ತೆ: ಬಂಡೆಯ ಮೇಲೆ ಒಂದು ಚಕ್ರ ಗಾಳಿಯಲ್ಲಿ ತೇಲುತ್ತೆ. ಡಿಫರೆನ್ಷಿಯಲ್ ಇದ್ದರೆ ಆ ತೇಲುವ ಚಕ್ರ ಬುಗುರಿ ಥರ ಸುತ್ತುತ್ತೆ, ನೆಲ ಕಚ್ಚಿದ ಚಕ್ರ ಸುಮ್ಮನೆ ನಿಲ್ಲುತ್ತೆ. ಅದಕ್ಕೇ ಲಾಕ್. ಟಿಆರ್‌ಎಕ್ಸ್-4ರಲ್ಲಿ ಈ ಲಾಕನ್ನು ರಿಮೋಟಿನಿಂದಲೇ ಹಾಕಿ ತೆಗೆಯಬಹುದು. ಹತ್ತು ಮಾರ್ಕಿನ ಉತ್ತರ ಬರೆದವರಲ್ಲಿ ಎಷ್ಟು ಜನ ಇದನ್ನು ಯೋಚನೆ ಮಾಡಿದ್ದೀರಿ? ಮಳೆಗಾಲದಲ್ಲಿ ಕೆಸರಿಗೆ ಸಿಕ್ಕಿದ ಕಾರಿನ ಒಂದೇ ಚಕ್ರ ಸುತ್ತೋದನ್ನು ನಾವೆಲ್ಲ ನೋಡಿದ್ದೀವಿ. ಆ ಚಕ್ರಕ್ಕೂ ಆ ನೀಟ್ ಸ್ಕೆಚ್‌ಗೂ ಸಂಬಂಧ ಇದೆ ಅಂತ ಪಾಠ ಮಾಡಿದವರೂ ಹೇಳಲಿಲ್ಲ, ಕೇಳಿದವರೂ ಕೇಳಲಿಲ್ಲ.

ಅದೇ ಟಿಆರ್‌ಎಕ್ಸ್-4ರಲ್ಲಿ ಪೋರ್ಟಲ್ ಆಕ್ಸಲ್ ಇದೆ. ಚಕ್ರದ ಹತ್ತಿರ ಇನ್ನೊಂದು ಜೊತೆ ಗೇರು ಕೂರಿಸಿ, ಆಕ್ಸಲ್ ಕೊಳವೆಯನ್ನು ಚಕ್ರದ ನಡುವಿಗಿಂತ ಮೇಲಕ್ಕೆ ಎತ್ತುವ ಉಪಾಯ. ಹೊಟ್ಟೆ ಕಲ್ಲಿಗೆ ತಗಲೋದಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ಹೊಲದ ಕೆಲಸಕ್ಕಾಗಿ ಮಾಡಿದ ಯುನಿಮೊಗ್ ಗಾಡಿಯಲ್ಲೂ ಇದೇ ಉಪಾಯ. ಆ ಗೇರನ್ನು ಬೆರಳ ತುದಿಯಲ್ಲಿ ಗ್ರೀಸ್ ಹಚ್ಚಿ ಕೂರಿಸುವಾಗ, ಹೊಲದ ರೈತನ ಕಷ್ಟವೊಂದು ಇಲ್ಲಿವರೆಗೆ ಹರಿದು ಬಂದು ನನ್ನ ಅಂಗೈಯಲ್ಲಿ ಕೂತಿದೆ ಅನ್ನಿಸುತ್ತೆ. ಜೋಡಿಸಿ ಕೊಟ್ಟ ಗಾಡಿಯಲ್ಲೂ ಇದೇ ಗೇರು ಇರುತ್ತೆ. ಆದರೆ ಅದು ನಿಮಗೆ ಡಬ್ಬದ ಮೇಲಿನ ಒಂದು ಸಾಲು, ಅಷ್ಟೇ.

ಆಮೇಲೆ ಶಾಕ್ ಅಬ್ಸಾರ್ಬರ್. ನಾಲ್ಕು ಪುಟಾಣಿ ಕೊಳವೆ, ಒಳಗೆ ತೂತಿರುವ ಬಿಲ್ಲೆ, ಅದಕ್ಕೆ ಸಿಲಿಕೋನ್ ಎಣ್ಣೆ ತುಂಬಬೇಕು. ಅವಸರ ಮಾಡೋ ಹಾಗಿಲ್ಲ. ಎಣ್ಣೆ ಹಾಕಿ, ಕಡ್ಡಿಯನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ, ಗುಳ್ಳೆ ಎಲ್ಲ ಮೇಲೆ ಬಂದು ಒಡೆಯುವವರೆಗೆ ಕಾಯಬೇಕು. ಒಂದು ಗುಳ್ಳೆ ಒಳಗೆ ಉಳಿದರೂ ಒತ್ತಿದಾಗ ಚಳಕ್ ಚಳಕ್ ಅನ್ನುತ್ತೆ, ನಾಲ್ಕೂ ಒಂದೇ ಥರ ಕೆಲಸ ಮಾಡೋದಿಲ್ಲ. ಅದನ್ನು ಎರಡರಷ್ಟು ವೇಗದಲ್ಲಿ ಮಾಡೋಕೆ ಆಗಲ್ಲ, ಇನ್ನೊಬ್ಬರಿಗೆ ಅಸೈನ್ ಮಾಡೋಕೆ ಆಗಲ್ಲ, ಶುಕ್ರವಾರದೊಳಗೆ ಮುಗಿಸಿ ಅಂತ ಮೇಲ್ ಹಾಕೋಕೂ ಆಗಲ್ಲ. ಗುಳ್ಳೆಗೆ ನಿಮ್ಮ ಡೆಡ್‌ಲೈನ್ ಗೊತ್ತಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಸ್ಕ್ರೂ. ನಗಬೇಡಿ. ಪ್ಲಾಸ್ಟಿಕ್ಕಿಗೆ ಹೋಗುವ ಸ್ಕ್ರೂವನ್ನು ಮತ್ತೆ ಹಾಕುವಾಗ ಮೊದಲು ಉಲ್ಟಾ ತಿರುಗಿಸಬೇಕು. ಟಕ್ ಅಂತ ಒಂದು ಸಣ್ಣ ಇಳಿತ ಬೆರಳಿಗೆ ಸಿಗುತ್ತೆ. ಅದು ಹಳೆಯ ಮರೆಗೆ ಕೂತಿತು ಅಂತ ಅರ್ಥ, ಅಲ್ಲಿಂದ ಮುಂದಕ್ಕೆ ತಿರುಗಿಸಬೇಕು. ಹಾಗೆ ಮಾಡದಿದ್ದರೆ ಅದು ಹೊಸ ಮರೆ ಕೊರೆದುಕೊಂಡು ಹೋಗುತ್ತೆ, ನಾಲ್ಕು ಸಲಕ್ಕೆ ತೂತು ಸಡಿಲ. ಲೋಹಕ್ಕೆ ಲೋಹ ಸೇರುವ ಕಡೆ ನೀಲಿ ಥ್ರೆಡ್‌ಲಾಕ್ ಒಂದು ಹನಿ ಹಾಕಬೇಕು, ಇಲ್ಲದಿದ್ದರೆ ಅದುರಿ ಬಿಚ್ಚಿಕೊಳ್ಳುತ್ತೆ. ಅದೇ ಹನಿಯನ್ನು ಪ್ಲಾಸ್ಟಿಕ್ಕಿಗೆ ಹಾಕಬಾರದು, ಕೆಲವು ಪ್ಲಾಸ್ಟಿಕ್ ಬಿರುಕು ಬಿಡುತ್ತೆ. ಮೋಟರಿನ ಪಿನಿಯನ್ನಿಗೂ ದೊಡ್ಡ ಗೇರಿಗೂ ನಡುವೆ ಒಂದು ಚೂರು ಕಾಗದ ಇಟ್ಟು ಒತ್ತಿ, ಬಿಗಿ ಮಾಡಿ, ಕಾಗದ ಎಳೆದರೆ ಸಿಗುವ ಸಂದು ಸರಿಯಾದ ಸಂದು. ಇಷ್ಟೆಲ್ಲ ಪುಸ್ತಕದಲ್ಲಿ ಓದಬಹುದು. ಆದರೆ ಎಷ್ಟು ಬಿಗಿ? ಅದನ್ನು ಪುಸ್ತಕ ಹೇಳೋಕಾಗಲ್ಲ. ಪ್ಲಾಸ್ಟಿಕ್ ಸೋಲುವುದಕ್ಕೆ ಒಂದು ಕೂದಲೆಳೆ ಮೊದಲು ನಿಲ್ಲಬೇಕು, ಆ ಕೂದಲೆಳೆ ಕೈಗೆ ಮಾತ್ರ ಗೊತ್ತಾಗುತ್ತೆ.

ಇದಕ್ಕೆ ನಮ್ಮಲ್ಲಿ ಒಂದು ಪದ ಇದೆ. ಹದ. ಅಮ್ಮ ಅಕ್ಕಿ ರೊಟ್ಟಿ ಹಿಟ್ಟಿಗೆ ನೀರು ಹಾಕುವಾಗ ಅಳತೆ ಕೇಳಿ ನೋಡಿ, "ಹದ ನೋಡ್ಕೊಂಡು ಹಾಕು" ಅಂತಾರೆ. ಹೊಲ ಉಳೋಕೆ ಹದ ಬೇಕು, ಕಾಯಿಸಿದ ಕಬ್ಬಿಣಕ್ಕೆ ಹದ ಬೇಕು, ಬೆಲ್ಲದ ಪಾಕಕ್ಕೆ ಹದ ಬೇಕು. ನಾವು ಬುದ್ಧಿವಂತರು ಇದನ್ನು ಜ್ಞಾನ ಅಂತ ಒಪ್ಪೋದಿಲ್ಲ. ಬರೆದಿಡೋಕೆ ಬಂದದ್ದು ಮಾತ್ರ ಜ್ಞಾನ, ಮಿಕ್ಕಿದ್ದು 'ಅಭ್ಯಾಸ'. ಯಾರ ಕೈಯಲ್ಲಿ ಹದ ಇದೆಯೋ ಅವರ ಸಂಬಳ ಕಡಿಮೆ, ಯಾರ ಕೈಯಲ್ಲಿ ಸ್ಲೈಡ್ ಇದೆಯೋ ಅವರ ಸಂಬಳ ಜಾಸ್ತಿ. ಒಂದು 3 ಮಿ.ಮೀ. ಸ್ಕ್ರೂ ಈ ಲೆಕ್ಕಾಚಾರದ ಬಗ್ಗೆ ಅನುಮಾನ ಹುಟ್ಟಿಸಿದರೆ ಅದಕ್ಕೆ ಕೊಟ್ಟ ದುಡ್ಡು ಅಲ್ಲೇ ವಸೂಲು.

ರೆಡಿ ಗಾಡಿಯ ಪರವಾಗಿ ಇರುವ ಒಳ್ಳೆಯ ವಾದ ಅಂದರೆ ಇದು: "ನಂಗೆ ಓಡಿಸೋದು ಇಷ್ಟ, ಕಟ್ಟೋದಲ್ಲ." ನ್ಯಾಯವಾದ ಮಾತು. ಆದರೆ ಕ್ರಾಲರ್ ಓಡಿಸೋದು ಅಂದರೆ ಕ್ರಾಲರ್ ಮುರಿಯೋದು. ಬಂಡೆಯಿಂದ ಉರುಳದ ಗಾಡಿ ಬಂಡೆ ಹತ್ತಿಲ್ಲ ಅಂತಲೇ ಅರ್ಥ. ನನ್ನ ಜೊತೆ ಕೆಲಸ ಮಾಡುವ ಹುಡುಗಿಯೊಬ್ಬಳು ರೆಡಿ ಗಾಡಿ ತಗೊಂಡಿದ್ದಳು. ಒಂದು ತಿಂಗಳಿಗೆ ಮೋಟರು ಗುಂಯ್ ಅಂತಿದೆ, ಗಾಡಿ ಅಲ್ಲಾಡ್ತಿಲ್ಲ. ಮಾರಿದ ಅಂಗಡಿಯವರು ಫೋನಿನಲ್ಲೇ ಕೇಳಿಸಿಕೊಂಡು "ಮೋಟರ್ ಚೇಂಜ್ ಮಾಡ್ಬೇಕು ಮೇಡಂ" ಅಂದರು. ಮೋಟರು ಸುತ್ತುತ್ತಿದೆ ಅಂತ ಹೇಳಿದ ಮೇಲೂ! ಆಗಿದ್ದಿಷ್ಟೇ: ಪಿನಿಯನ್ನನ್ನು ಮೋಟರಿನ ದಂಡಕ್ಕೆ ಹಿಡಿದಿಡುವ ತಲೆಯಿಲ್ಲದ ಸಣ್ಣ ಸ್ಕ್ರೂ ಸಡಿಲ ಆಗಿತ್ತು. ಆ ದಂಡದ ಒಂದು ಪಕ್ಕ ಚಪ್ಪಟೆ ಇರುತ್ತೆ, ಸ್ಕ್ರೂ ಅದರ ಮೇಲೇ ಕೂರಬೇಕು. ಕಿಟ್ ಕಟ್ಟಿದ ಯಾರೇ ಆದರೂ ಇದನ್ನು ಮೂರನೇ ರಾತ್ರಿಯೇ ಮಾಡಿರುತ್ತಾರೆ. ಎರಡು ನಿಮಿಷದ ಕೆಲಸ. ಅವಳು ಅವತ್ತು ಸಂಜೆ ಗಾಡಿಯನ್ನು ಪೂರ್ತಿ ಬಿಚ್ಚಿದಳು, ಸರಿ ಮಾಡೋದಕ್ಕಲ್ಲ, ಕೋಪಕ್ಕೆ. "ಇಷ್ಟು ದಿನ ಇದು ನನ್ನ ಗಾಡಿ ಅಂದ್ಕೊಂಡಿದ್ದೆ" ಅಂದಳು. ಈಗ ಅವಳು ಬೆಸುಗೆ ಹಾಕೋದು ನನಗಿಂತ ಚೆನ್ನಾಗಿದೆ. 'ಹುಡುಗರ ಆಟಿಕೆ' ಅನ್ನುವವರಿಗೆ ಉತ್ತರ ಬೇಕಿದ್ದರೆ ಅವಳನ್ನೇ ಕೇಳಿ, ನಾನು ಕೊಡೋದಿಲ್ಲ.

ಇನ್ನೊಂದು ವಿಷಯ ನಮ್ಮ ದೇಶಕ್ಕೇ ಸಂಬಂಧಪಟ್ಟದ್ದು. ಕೇಂದ್ರ ಸರ್ಕಾರ ಆಟಿಕೆಗಳ ಆಮದು ಸುಂಕವನ್ನು 2020ರ ಬಜೆಟ್‌ನಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಿತು. ಇಲ್ಲಿನ ಆಟಿಕೆ ಉದ್ಯಮ ಬೆಳೆಯಲಿ ಅನ್ನೋ ಉದ್ದೇಶಕ್ಕೆ ನನ್ನ ತಕರಾರಿಲ್ಲ, ನಮ್ಮದು ಚನ್ನಪಟ್ಟಣ ಇರುವ ರಾಜ್ಯ. ಆದರೆ ವಿದೇಶಿ ಗಾಡಿಯ ಒಂದು ತುಂಡು ಮುರಿದರೆ ಅದು ಬರುವವರೆಗೆ ವಾರಗಟ್ಟಲೆ ಕಾಯಬೇಕು, ಬಂದಾಗ ಬೆಲೆ ನೋಡಿ ಕಣ್ಣು ಕತ್ತಲೆ ಬರುತ್ತೆ. ಗಾಡಿಯ ಒಳಗು ಗೊತ್ತಿದ್ದವನಿಗೆ ಮಾತ್ರ ಇದರಿಂದ ಬಿಡುಗಡೆ. ಅದರ ಬಹುಪಾಲು ಸ್ಕ್ರೂ ಎಂ3 ಅಳತೆಯವು. ಬೇರಿಂಗ್ ಕೂಡ ಸಾಮಾನ್ಯ ಅಳತೆಯವೇ, ಒಳಸುತ್ತು ಹೊರಸುತ್ತು ದಪ್ಪ ಮೂರು ಅಂಕಿ ಬರೆದುಕೊಂಡು ಹೋದರೆ ಸಾಕು. ಎಸ್.ಪಿ. ರೋಡಿನಲ್ಲಿ ಒಂದು ಮಧ್ಯಾಹ್ನ ಅಲೆದರೆ ತಂತಿ, ಕನೆಕ್ಟರು, ಸ್ಕ್ರೂ ಎಲ್ಲ ಸಿಗುತ್ತೆ. ಆದರೆ ಏನು ಕೇಳಬೇಕು ಅಂತ ಗೊತ್ತಿರಬೇಕು. "ನನ್ನ ಗಾಡಿಗೆ ಆಗೋದು ಕೊಡಿ" ಅಂದರೆ ಅಂಗಡಿಯವರು ಮುಖ ನೋಡ್ತಾರೆ.

ಇದೇ ಮಾತು ಆಟಿಕೆಯಿಂದಾಚೆಗೂ ಅನ್ವಯಿಸುತ್ತೆ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರೈಟ್ ಟು ರಿಪೇರ್' ಬಗ್ಗೆ ಸಮಿತಿ ಮಾಡಿತು, ಆ ವರ್ಷದ ಕೊನೆಗೆ ಪೋರ್ಟಲ್ ಕೂಡ ಬಂತು. ಫೋನು, ಮನೆ ಉಪಕರಣ, ವಾಹನ, ಕೃಷಿ ಯಂತ್ರ ಎಲ್ಲ ಅದರ ವ್ಯಾಪ್ತಿಯಲ್ಲಿವೆ. ಒಳ್ಳೆಯದೇ. ನಾವೂ ಖುಷಿಯಿಂದ ಶೇರ್ ಮಾಡಿದೆವು. ಆದರೆ ನನ್ನ ಓರಗೆಯವರಲ್ಲಿ ಎಷ್ಟು ಜನರ ಮನೆಯಲ್ಲಿ ಒಂದು ಒಳ್ಳೆ ಸ್ಕ್ರೂಡ್ರೈವರ್ ಸೆಟ್ ಇದೆ? ಮಿಕ್ಸಿ ನಿಂತರೆ ಫ್ಯೂಸ್ ನೋಡೋಕೆ ಮೊದಲು ಹೊಸ ಮಿಕ್ಸಿಯ ರಿವ್ಯೂ ನೋಡ್ತೀವಿ. ಹಕ್ಕು ಕೇಳೋಣ, ಜೊತೆಗೆ ಕೈ ತಯಾರು ಮಾಡ್ಕೊಳ್ಳೋಣ. ಬಿಚ್ಚೋಕೆ ಬಾರದವನಿಗೆ ಬಿಚ್ಚುವ ಹಕ್ಕು ಕೊಟ್ಟು ಕಂಪನಿಗಳು ಆರಾಮಾಗಿ ನಿದ್ದೆ ಮಾಡ್ತವೆ.

ಒಮ್ಮೆ ಸ್ಕೂಟರಿನ ಬ್ರೇಕ್ ಸರಿಮಾಡಿಸೋಕೆ ನಮ್ಮ ಬೀದಿಯ ಗ್ಯಾರೇಜಿಗೆ ಹೋಗಿದ್ದೆ. ಕೈಚೀಲದಲ್ಲಿ ಕ್ರಾಲರ್ ಇತ್ತು. ಗ್ಯಾರೇಜಿನ ಅಣ್ಣ ಕೈ ಒರೆಸಿಕೊಂಡು ಅದನ್ನು ಎತ್ತಿ, ಒಂದು ಚಕ್ರ ಬೆರಳಲ್ಲಿ ತಿರುಗಿಸಿದರು. ಎದುರಿನ ಚಕ್ರವೂ ಅದೇ ದಿಕ್ಕಿಗೆ ತಿರುಗಿತು. "ಏನ್ಸಾರ್ ಇದು, ಲಾಕ್ ಮಾಡ್ಬಿಟ್ಟಿದಾರೆ. ರೋಡಲ್ಲಿ ತಿರುಗಲ್ವಲ್ಲ, ಟಯರ್ ಉಜ್ಜುತ್ತೆ" ಅಂದರು. ಹತ್ತು ಸೆಕೆಂಡು. ನಮ್ಮ ಆಫೀಸಿನಲ್ಲಿ ಅದೇ ಗಾಡಿಯನ್ನು ಹನ್ನೊಂದು ಜನ ಇಂಜಿನಿಯರುಗಳು ಎತ್ತಿ ನೋಡಿದ್ದರು, ಕೇಳಿದ್ದು ಎರಡೇ ಪ್ರಶ್ನೆ: ಎಷ್ಟಾಯ್ತು, ಎಷ್ಟು ಸ್ಪೀಡ್ ಹೋಗುತ್ತೆ. ಆಮೇಲೆ ಅಣ್ಣನೂ ನಾನೂ ಅರ್ಧ ಗಂಟೆ ಮಾತಾಡಿದೆವು, ಟ್ರಾಕ್ಟರಿನ ಡಿಫ್ ಲಾಕ್ ಪೆಡಲ್ ಬಗ್ಗೆ, ಹಳೆಯ ಜೀಪುಗಳ ಬಗ್ಗೆ. ನಾಲ್ಕು ವರ್ಷದಿಂದ ಆ ಗ್ಯಾರೇಜಿಗೆ ಹೋಗ್ತಿದ್ದೀನಿ. ಅಲ್ಲಿಯವರೆಗೆ ನಮ್ಮ ನಡುವೆ ಇದ್ದದ್ದು "ಎಷ್ಟೊತ್ತಿಗೆ ಬರ್ಲಿ?", "ಎಷ್ಟಾಯ್ತು?" ಅಷ್ಟೇ. ಮಾತಾಡೋಕೆ ಒಂದು ಸಮಾನ ಭಾಷೆ ಬೇಕಿತ್ತು, ಆ ಆರು ರಾತ್ರಿ ನನಗೆ ಅದನ್ನು ಕೊಟ್ಟಿತ್ತು.

ಈಗ ಕ್ಯಾಂಟೀನಿನ ಮೂರನೇ ಪ್ರಶ್ನೆಗೆ ಬರೋಣ. 'ಸ್ಕ್ರೂ ತಿರುಗಿಸೋಕಾ ಓದಿದ್ದು?' ಈ ಮಾತಿನ ಹಿಂದೆ ಇರೋದು ಟೈಮ್ ಅಲ್ಲ, ದುಡ್ಡಲ್ಲ. ಕೈ ಕೊಳೆ ಮಾಡ್ಕೊಳ್ಳೋದು ನಮ್ಮಂಥವರ ಕೆಲಸವಲ್ಲ ಅನ್ನೋ ಬಹಳ ಹಳೆಯ ನಂಬಿಕೆ. ಅದಕ್ಕೆ ನಾವು ಜಾತಿಯ ಹೆಸರು ಹೇಳೋದು ಬಿಟ್ಟಿದ್ದೀವಿ, 'ಪ್ರೊಡಕ್ಟಿವಿಟಿ' ಅನ್ನೋ ಹೆಸರು ಇಟ್ಟಿದ್ದೀವಿ. ಐವತ್ತು ದಾಟಿದ ಪ್ಲಂಬರ್‌ನ್ನು 'ಆ ಹುಡುಗ' ಅಂತೀವಿ, ಇಪ್ಪತ್ತಮೂರರ ಟ್ರೈನಿಯನ್ನು 'ಸಾಫ್ಟ್‌ವೇರ್ ಆರ್ಕಿಟೆಕ್ಟ್ ಆಗ್ತಾನೆ' ಅಂತೀವಿ. ವರ್ಷಕ್ಕೊಮ್ಮೆ ಆಯುಧ ಪೂಜೆಯ ದಿನ ಆಫೀಸಿನ ಲ್ಯಾಪ್‌ಟಾಪಿಗೆ ಕುಂಕುಮ ಇಡ್ತೀವಿ, ಕಾರಿನ ಚಕ್ರಕ್ಕೆ ನಿಂಬೆಹಣ್ಣು, ಎದುರಿಗೆ ಬೂದುಗುಂಬಳ. ಡಿಕ್ಕಿಯಲ್ಲಿರೋ ಪಾನಾಗೂ ಒಂದು ಹೂವು. ಆ ಪಾನಾ ಯಾವ ನಟ್ಟಿಗೆ ಆಗುತ್ತೆ ಅಂತ ಕೇಳಬೇಡಿ. ಹನ್ನೆರಡನೇ ಶತಮಾನದ ಶರಣರು ಕೈಕಸುಬನ್ನು ಹೆಸರಿನ ಮುಂದೆಯೇ ಇಟ್ಟುಕೊಂಡು ನಡೆದರು: ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮಾದಾರ ಚೆನ್ನಯ್ಯ. ಅವರ ಜಯಂತಿಗೆ ನಾವು ಸ್ಟೇಟಸ್ ಹಾಕ್ತೀವಿ. ಕಸುಬು ಬೇಡ, ಕಸುಬಿನ ಬಗ್ಗೆ ಹೆಮ್ಮೆ ಮಾತ್ರ ಬೇಕು.

ಇಲ್ಲಿಗೆ ಬಂದಾಗ ಒಂದು ಗಟ್ಟಿಯಾದ ಆಕ್ಷೇಪ ಏಳುತ್ತೆ, ಅದನ್ನು ತಪ್ಪಿಸಿಕೊಂಡು ಓಡಬಾರದು. "ಹೊಟ್ಟೆಪಾಡಿಗೆ ಪಾನಾ ಹಿಡಿಯುವವರ ಮುಂದೆ ನೀನು ದುಬಾರಿ ಆಟಿಕೆಯ ಸ್ಕ್ರೂ ತಿರುಗಿಸಿ ಕೈಕೆಲಸದ ಘನತೆ ಮಾತಾಡ್ತೀಯಾ? ಇದು ಉಳ್ಳವರ ಆಟ ಅಲ್ವಾ?" ಹೌದು, ಉಳ್ಳವರ ಆಟ. ಎಸಿ ರೂಮಿನಲ್ಲಿ ಗ್ರೀಸ್ ಹಚ್ಚಿದ್ದಕ್ಕೆ ಯಾರೂ ಶ್ರಮಜೀವಿ ಆಗೋದಿಲ್ಲ, ನಾನೂ ಆಗಿಲ್ಲ. ಗ್ಯಾರೇಜಿನ ಅಣ್ಣನ ಬಾಡಿಗೆ ನನ್ನ ಕ್ರಾಲರ್‌ನಿಂದ ಕಡಿಮೆಯಾಗೋದಿಲ್ಲ. ಆದರೆ ಈ ದುಡ್ಡು ನಾವು ಹೇಗೂ ಖರ್ಚು ಮಾಡ್ತೀವಿ. ವಾಚಿಗೆ, ಶೂಗೆ, ವರ್ಷಕ್ಕೊಂದು ಫೋನಿಗೆ. ಹೇಗೂ ಹೋಗುವ ದುಡ್ಡಿನಲ್ಲಿ ಒಂದು ಸಲವಾದರೂ, ಇನ್ನೊಬ್ಬರ ಕೆಲಸ ಎಷ್ಟು ಕಷ್ಟ ಅಂತ ಬೆರಳಿಗೆ ತಿಳಿಸಿಕೊಡುವಂಥದ್ದನ್ನು ತಗೊಳ್ಳಿ ಅಂತಿದ್ದೀನಿ. ಹಾಗೆ ತಿಳಿದವನು ಮೆಕ್ಯಾನಿಕ್ ಲೇಬರ್ ಚಾರ್ಜ್ ಹೇಳಿದಾಗ ಚೌಕಾಸಿ ಮಾಡೋಕೆ ಮೊದಲು ಎರಡು ಸಲ ಯೋಚಿಸ್ತಾನೆ. ಬದಲಾವಣೆ ಅಷ್ಟೇ ಆದರೂ ಸಣ್ಣದಲ್ಲ.

ಕಿಟ್ ತಗೊಂಡವರೆಲ್ಲ ಬುದ್ಧಿವಂತರು ಅಂತಲೂ ನಾನು ಹೇಳ್ತಿಲ್ಲ. ಹವ್ಯಾಸದ ಒಳಗೇ ಇನ್ನೊಂದು ಪಂಗಡ ಇದೆ, ಅಪ್‌ಗ್ರೇಡ್ ಪಂಗಡ. ಗಾಡಿ ಇನ್ನೂ ಒಂದು ಕಲ್ಲು ಮುಟ್ಟಿಲ್ಲ, ಆಗಲೇ ಎಲ್ಲ ಪ್ಲಾಸ್ಟಿಕ್ ಕಿತ್ತು ಮಿಂಚುವ ಅಲ್ಯೂಮಿನಿಯಂ ಹಾಕಿರ್ತಾರೆ. ಮೇಲೆಲ್ಲ ಲೋಹ ಹೇರಿದರೆ ಗಾಡಿಯ ತೂಕ ಮೇಲಕ್ಕೇರುತ್ತೆ, ಇಳಿಜಾರಿನಲ್ಲಿ ಮೊದಲು ಮಗುಚುವುದು ಅದೇ. ತೂಕ ಬೇಕಾಗಿರೋದು ಕೆಳಗೆ, ಆಕ್ಸಲ್ ಹತ್ತಿರ, ಚಕ್ರದ ಹತ್ತಿರ. ಅಲ್ಲಿ ಹಿತ್ತಾಳೆ ಹಾಕೋದಕ್ಕೆ ಕಾರಣ ಇದೆ. ಮೊದಲು ಓಡಿಸಿ, ಮುರಿಯಲಿ, ಮುರಿದದ್ದನ್ನು ಮಾತ್ರ ಬದಲಾಯಿಸಿ. ಯಾವುದು ಮುರಿಯುತ್ತೆ ಅಂತ ಬಂಡೆ ಹೇಳುತ್ತೆ, ಇನ್‌ಸ್ಟಾಗ್ರಾಮ್ ಹೇಳೋದಿಲ್ಲ.

ಕೊನೆಗೆ, ನನ್ನ ಪರವಾಗಿ ಮಾತಾಡೋಕೆ ಬರುವವರ ಜೊತೆಗೂ ನನಗೆ ಜಗಳ ಇದೆ. "ಇದು ಸ್ಟ್ರೆಸ್ ಕಮ್ಮಿ ಮಾಡುತ್ತೆ", "ಒಂಥರಾ ಧ್ಯಾನ", "ಫೋಕಸ್ ಬೆಳೆಯುತ್ತೆ, ಕೆಲಸದಲ್ಲಿ ಹೆಲ್ಪ್ ಆಗುತ್ತೆ." ದಯವಿಟ್ಟು ಬೇಡ. ಪ್ರತಿಯೊಂದನ್ನೂ ಸೋಮವಾರದ ಕೆಲಸಕ್ಕೆ ಗೊಬ್ಬರ ಮಾಡೋದನ್ನು ನಿಲ್ಲಿಸೋಣ. ಹಾಗೆಯೇ "ವಿಡಿಯೋ ಮಾಡಿ ಚಾನೆಲ್ ಶುರು ಮಾಡಬಹುದಲ್ಲ" ಅನ್ನೋ ಸಲಹೆಯೂ ಬೇಡ. ಮೋಟರಿನ ತಂತಿಗೆ ಬೆಸುಗೆ ಹಾಕುವಾಗ ನನಗೆ ಧ್ಯಾನ ಏನೂ ಬರೋದಿಲ್ಲ, ಬೆರಳು ಸುಡುತ್ತೆ, ಬಾಯಲ್ಲಿ ಬೈಗುಳ ಬರುತ್ತೆ. ಗಾಡಿ ಕಟ್ಟೋದು ಗಾಡಿಗಾಗಿ. ಆಮೇಲೆ ಬಂಡೆ ಹತ್ತುತ್ತಲ್ಲ, ಅದಕ್ಕಾಗಿ.

ಹಾಗಾದರೆ ಶುರು ಹೇಗೆ? ಒಬ್ಬರಿಗೇ ಭಾರ ಆದರೆ ಮೂರು ಜನ ಸೇರಿ ಒಂದು ಕಿಟ್ ತಗೊಳ್ಳಿ, ವಾರಕ್ಕೊಬ್ಬರ ಮನೆಯಲ್ಲಿ ಕೂತು ಕಟ್ಟಿ. ಹಳೆಯ ಗಾಡಿ ಯಾರಾದರೂ ಮಾರ್ತಿದ್ದರೆ ತಗೊಂಡು ಕೊನೆಯ ಸ್ಕ್ರೂವರೆಗೆ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ. ಅದೂ ಕಿಟ್ಟೇ, ಅಗ್ಗದ ಕಿಟ್ಟು. ಈಗಾಗಲೇ ರೆಡಿ ಗಾಡಿ ಮನೆಯಲ್ಲಿದ್ದರೂ ಅಷ್ಟೇ, ಬಿಚ್ಚೋದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. 1.5, 2 ಮತ್ತು 2.5 ಮಿ.ಮೀ. ಹೆಕ್ಸ್ ಡ್ರೈವರ್ ಮೂರು ಒಳ್ಳೆಯವು ತಗೊಳ್ಳಿ, ಅದರಲ್ಲಿ ಮಾತ್ರ ಕಂಜೂಸುತನ ಬೇಡ, ಕೆಟ್ಟ ಡ್ರೈವರ್ ಸ್ಕ್ರೂ ತಲೆಯನ್ನು ತಿಂದು ಹಾಕುತ್ತೆ. ಒಂದು ಚೀಲ ಮುಗಿಯುವವರೆಗೆ ಇನ್ನೊಂದು ಚೀಲ ಒಡೆಯಬೇಡಿ. ಸ್ಕ್ರೂಗಳಿಗೆ ಅಡುಗೆಮನೆಯ ಹಳೆಯ ಇಡ್ಲಿ ತಟ್ಟೆ ಚೆನ್ನಾಗಿ ಆಗುತ್ತೆ, ಗುಳಿಗೊಂದು ಅಳತೆ. ಲೈಪೊ ಬ್ಯಾಟರಿ ಚಾರ್ಜಿಗೆ ಇಟ್ಟು ಮಲಗಬೇಡಿ, ಎದುರಿಗೆ ಕೂತು ಚಾರ್ಜ್ ಮಾಡಿ. ಎಲ್ಲಾದರೂ ಸಿಕ್ಕಿಕೊಂಡರೆ, ಗೇರು ಕಚ್ಚುತ್ತಿಲ್ಲ ಅಂತಲೋ ಬೇರಿಂಗ್ ಕೂರುತ್ತಿಲ್ಲ ಅಂತಲೋ, ವಿಡಿಯೋ ಹುಡುಕೋಕೆ ಮೊದಲು ಗಾಡಿ ಎತ್ತಿಕೊಂಡು ನಿಮ್ಮ ಬೀದಿಯ ಗ್ಯಾರೇಜಿಗೆ ಹೋಗಿ ಕೇಳಿ. ಕೆಲಸ ಕಮ್ಮಿ ಇರುವ ಹೊತ್ತು ನೋಡ್ಕೊಂಡು ಹೋಗಿ. ಟೀ ನಿಮ್ಮ ಲೆಕ್ಕದಲ್ಲಿರಲಿ.